ಶಿಲಾಶಾಸನಗಳ ಸಂರಕ್ಷಣೆಯೂ ನೂತನ ಯಂತ್ರವಿದ್ಯೆಯೂ

(ಬೆಂಗಳೂರು ಶೇಷಾದ್ರಿಪುರದ ಭಕ್ತಸಭೆಯಲ್ಲಿ ಮಾಡಿದ ಉಪನ್ಯಾಸ)



ತಾಳೆಯೋಲೆಯನ್ನು ಗೆದ್ದಲು ತಿನ್ನುವುದು, ಕಾಗದವು ತೇವದಿಂದ ಕೊಳೆಯುವುದು. ಇದನ್ನು ಚೆನ್ನಾಗಿ ಅರಿತಿದ್ದುದರಿಂದಲೇ ಪೂರ್ವಿಕರು ತಮ್ಮ ದಾನಧರ್ಮಗಳನ್ನೂ ವೀರರ ಬಲಿದಾನಗಳನ್ನೂ ಕಲ್ಲಿನ ಮೇಲೆ ಬರೆಯಿಸಿ, ಅದರ ನೆತ್ತಿಯಲ್ಲಿ ಸೂರ್ಯಚಂದ್ರರನ್ನು ಕೆತ್ತಿಸಿದರು. ಸೂರ್ಯಚಂದ್ರರಿರುವವರೆಗೂ ಆ ಬರೆಹವು ನಿಲ್ಲಲೆಂಬುದು ಅವರ ಹಾರೈಕೆ. ಸೂರ್ಯಚಂದ್ರರೇನೋ ಇದ್ದಾರೆ, ಕಲ್ಲುಗಳು ಮಾತ್ರ ಒಂದೊಂದಾಗಿ ಮರೆಯಾಗುತ್ತಲಿವೆ. ಚರಂಡಿಯ ಮೇಲಣ ಹಾಸಾಗಿಯೂ, ಬಟ್ಟೆ ಒಗೆಯುವ ಬಂಡೆಯಾಗಿಯೂ, ಮನೆಯ ತಳಪಾಯವಾಗಿಯೂ ಹೋದ ಶಾಸನಗಳೆಷ್ಟೋ!

ಒಂದು ಕಲ್ಲಿನಿಂದ ಏನಾಗುವುದೆಂದು ಕೇಳುವವರುಂಟು. ಅವರಿಗೆ ಬೇಗೂರಿನ ನಾಗೇಶ್ವರ ದೇವಾಲಯದ ವೀರಗಲ್ಲೇ ಉತ್ತರವು. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ಬೆಂಗಳೂರೆಂಬ ಹೆಸರು ಬಂದಿತೆಂದು ಜನರು ಬಹುಕಾಲ ನಂಬಿದ್ದರು. ಆದರೆ ಸುಮಾರು ಕ್ರಿ.ಶ. 890ರದೆಂದು ಎಣಿಸಲಾದ ಆ ಗಂಗರ ಕಾಲದ ಕಲ್ಲು ‘ಬೆಂಗಳೂರ ಕಾಳಗ’ವನ್ನು ಹೇಳುವುದು. ಬಲ್ಲಾಳನು ಹುಟ್ಟುವುದಕ್ಕೆ ಎಷ್ಟೋ ಮುಂಚೆಯೇ ಈ ಊರಿಗೆ ಈ ಹೆಸರಿದ್ದಿತೆಂಬುದು ಅದರಿಂದ ಸಿದ್ಧವಾಯಿತು. ಶೇಷಾದ್ರಿಪುರಕ್ಕೆ ನೆರೆಯಾದ ಮಲ್ಲೇಶ್ವರವು ಹಿಂದೆ ಮಲ್ಲಪುರವೆನಿಸಿದ್ದಿತೆಂಬುದನ್ನು 1669ರ ಏಕೋಜಿಯ ದಾನಶಾಸನವೇ ತಿಳಿಸಬೇಕಾಯಿತು. ಶರಣಪರಂಪರೆಗೆ ಸೇರಿದವರಿಗಂತೂ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ 1260ರ ಶಾಸನದ ಬೆಲೆಯನ್ನು ಹೇಳಬೇಕಾದುದೇ ಇಲ್ಲ. ಬಸವಣ್ಣನವರ ವಂಶದ ವಿಷಯವು ಪುರಾಣದಲ್ಲಿ ಮಾತ್ರವಲ್ಲದೆ ಕಲ್ಲಿನಲ್ಲಿಯೂ ಉಂಟೆಂಬುದಕ್ಕೆ ಅದೇ ಸಾಕ್ಷಿ.

ಈ ಸಾಕ್ಷಿಗಳನ್ನು ಕೂಡಿಡುವ ಕಾರ್ಯವು ಹೊಸದಲ್ಲ. ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ. ಎಲ್. ರೈಸ್‌ರವರು ಮೈಸೂರು ಸೀಮೆಯ ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯ ಕರ್ನಾಟಿಕ’ವೆಂಬ ಸಂಪುಟಗಳನ್ನು ಹೊರತಂದರು. ಬೆಂಗಳೂರು ಜಿಲ್ಲೆಯ ಸಂಪುಟವು 1905ರಲ್ಲಿ ಅಚ್ಚಾಯಿತು. ಆ ಕಾಲದ ವಿಧಾನವು ಪಡಿಯಚ್ಚು ತೆಗೆಯುವುದು. ಕಲ್ಲನ್ನು ತೊಳೆದು, ಒದ್ದೆಯ ಕಾಗದವನ್ನು ಹೊದಿಸಿ, ಕುಂಚದಿಂದ ತಟ್ಟಿ, ಶಾಯಿಯನ್ನು ಸವರಿದರೆ ಹಳ್ಳದಲ್ಲಿರುವ ಅಕ್ಷರಗಳು ಬಿಳಿಯಾಗಿಯೂ ಸುತ್ತಣ ಭಾಗವು ಕಪ್ಪಾಗಿಯೂ ಕಾಣುವುವು. ಬಹು ಉಪಕಾರಿಯಾದ ವಿಧಾನವಿದು. ಆದರೆ ಕಲ್ಲು ಅತಿಯಾಗಿ ಸವೆದಿದ್ದರೆ ಅಕ್ಷರವೂ ಬಿರುಕೂ ಒಂದೇ ತೆರನಾಗಿ ಮೂಡುವುವು.

ಈ ಕೊರತೆಯನ್ನು ನೀಗುವ ಹೊಸ ವಿದ್ಯೆಯು ಈಗ ದೊರೆತಿದೆ. ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿರುವ, 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು 2021ರಲ್ಲಿ ಬೆಂಗಳೂರು ಶಾಸನಗಳ ತ್ರಿಆಯಾಮ ಡಿಜಿಟಲ್ ಸಂರಕ್ಷಣಾ ಕಾರ್ಯವನ್ನು ಕೈಗೊಂಡಿತು. ಪಿ. ಎಲ್. ಉದಯಕುಮಾರ್‌ರವರ ಮುಂದಾಳುತನದಲ್ಲಿ ಕಾರ್ಯಕರ್ತರು ಹಳ್ಳಿಹಳ್ಳಿಗೆ ಹೋಗಿ, ರೈಸ್‌ರವರ ಸಂಪುಟದಲ್ಲಿ ಹೆಸರಿಸಿದ ಕಲ್ಲುಗಳನ್ನು ಹುಡುಕಿ, ಸ್ಕ್ಯಾನರ್ ಎಂಬ ಯಂತ್ರವನ್ನು ಅವುಗಳ ಮುಂದೆ ಹಿಡಿಯುತ್ತಾರೆ. ಯಂತ್ರವು ಕಲ್ಲಿನ ಮೇಲೆ ಬೆಳಕನ್ನು ಬೀರಿ, ಅದು ಎಲ್ಲಿ ಎಷ್ಟು ಬಾಗಿತೆಂಬುದನ್ನಳೆದು, ಲಕ್ಷಾಂತರ ಬಿಂದುಗಳ ಏರುತಗ್ಗನ್ನು ಮಿಲಿಮೀಟರಿಗಿಂತಲೂ ಸೂಕ್ಷ್ಮವಾಗಿ ಗಣಕಯಂತ್ರಕ್ಕೆ ಒಪ್ಪಿಸುವುದು. ಗಣಕವು ಆ ಬಿಂದುಗಳನ್ನು ಹೆಣೆದು ಕಲ್ಲಿನ ಪ್ರತಿರೂಪವನ್ನು ಕಟ್ಟುವುದು. ಬಣ್ಣ, ಕಲೆ, ಪಾಚಿಗಳನ್ನು ಕಳೆದು ಆಳವೊಂದನ್ನೇ ತೋರಿಸಿ, ಬೇಕಾದ ದಿಕ್ಕಿನಿಂದ ನೆರಳು ಬೀಳುವಂತೆ ಮಾಡಿದಾಗ, ಬರಿಗಣ್ಣಿಗೆ ಕಾಣದಿದ್ದ ಅಕ್ಷರಗಳೆಷ್ಟೋ ಓದಲು ಬರುವುವು. ಕಲ್ಲಿಗೆ ಉಗುರಿನಷ್ಟೂ ನೋವಿಲ್ಲ. ಹೆಬ್ಬಾಳದಲ್ಲಿ 2018ರಲ್ಲಿ ಮಣ್ಣಿನಿಂದ ಹೊರಬಂದ, ಸುಮಾರು 750ರ ಕಾಲದ ಕಿತ್ತಯನ ವೀರಗಲ್ಲು ನಗರದ ಬಹು ಹಳೆಯ ಕನ್ನಡ ಶಾಸನಗಳಲ್ಲೊಂದು. ಆಗ ಕಂಡವರು ಕಲ್ಲೆಂದು ಕಡೆಗಣಿಸಿ ಬಿಸಾಡಿದ್ದರೆ ಅದನ್ನು ಓದುವ ಭಾಗ್ಯವು ಯಾವ ಯಂತ್ರದಿಂದಲೂ ದೊರೆಯುತ್ತಿರಲಿಲ್ಲ.

ವಸ್ತುಸಂಗ್ರಹಾಲಯಗಳಿಗೂ ಇದರಿಂದ ಬಹಳ ಪ್ರಯೋಜನವುಂಟು. ಹಿಂದೆ ಕಲ್ಲನ್ನು ನಾಲ್ವರಿಗೆ ತೋರಿಸಬೇಕಾದರೆ ಅದನ್ನು ಊರಿನಿಂದ ಕಿತ್ತು ತರಬೇಕಾಗಿದ್ದಿತು. ಹಂದಿಯೊಡನೆ ಹೋರಾಡಿ ಮಡಿದ ಕಾಳಿಯೆಂಬ ನಾಯಿಯ ಸ್ಮರಣೆಗಾಗಿ ನಿಲ್ಲಿಸಿದ 949ರ ಆತಕೂರಿನ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಅಲ್ಲಿ ಅದು ಸುರಕ್ಷಿತವೆಂಬುದು ನಿಜ. ಆದರೆ ಆತಕೂರಿನ ಮಕ್ಕಳಿಗೆ ಅದು ದೂರವಾಯಿತೆಂಬುದೂ ನಿಜ. ಈಗಲಾದರೋ ಕಲ್ಲು ತನ್ನ ಊರಿನಲ್ಲಿಯೇ ಇದ್ದು, ಯಂತ್ರದಿಂದ ಅಚ್ಚೊತ್ತಿದ ಪ್ರತಿರೂಪವು ಸಂಗ್ರಹಾಲಯಕ್ಕೆ ಹೋಗಬಹುದು. ಅಂಥ ಪ್ರತಿರೂಪವನ್ನು ದೃಷ್ಟಿಯಿಲ್ಲದವರೂ ಕೈಯಿಂದ ಮುಟ್ಟಿ ತಿಳಿಯಬಹುದು.

ಆದರೆ ಇಲ್ಲಿಯೇ ಒಂದು ಎಚ್ಚರವು ಆವಶ್ಯಕ. ಮುರಿದ ಮೂಗನ್ನು, ಅಳಿದ ಸಾಲನ್ನು ತುಂಬಿ ತೋರಿಸುವುದು ಗಣಕಕ್ಕೆ ಸುಲಭ. ಆ ಸೌಲಭ್ಯವೇ ಅಪಾಯವೂ ಆಗಬಲ್ಲುದು. ದಾನಿಯ ಹೆಸರಿನಲ್ಲಿ ಒಂದಕ್ಷರವನ್ನು ಊಹಿಸಿ ತುಂಬಿದರೆ ಒಬ್ಬನ ಪುಣ್ಯವು ಮತ್ತೊಬ್ಬನದಾಗುವುದು. ಗಡಿಯ ಹೆಸರು ತಪ್ಪಿದರೆ ಭೂಮಿಯೇ ಬೇರೆಯಾಗುವುದು. ಸಿರಿಯದ ಪಾಲ್ಮೈರಾ ನಗರದ ಕಮಾನು 2015ರಲ್ಲಿ ನಾಶವಾದ ಬಳಿಕ, ಭಾವಚಿತ್ರಗಳ ಆಧಾರದಿಂದ ಅಮೃತಶಿಲೆಯಲ್ಲಿ ಯಂತ್ರದಿಂದ ಕಡೆಸಿದ ಕಿರಿಯ ಪ್ರತಿಕೃತಿಯನ್ನು 2016ರಲ್ಲಿ ಲಂಡನ್ನಿನಲ್ಲಿ ನಿಲ್ಲಿಸಿದರು. ಜನರು ಮೆಚ್ಚಿದರು, ಇದು ಆ ಕಮಾನು ಹೇಗಾದೀತೆಂದು ಆಕ್ಷೇಪಿಸಿದವರೂ ಇದ್ದರು. ಇಂಥ ಕಾರ್ಯಗಳಿಗಾಗಿ ವಿದ್ವಾಂಸರು ರಚಿಸಿದ ಲಂಡನ್ ಸನ್ನದಿನ 2009ರ ಪಾಠವು, ಇದ್ದುದಾವುದು, ಊಹಿಸಿದುದಾವುದು ಎಂಬುದು ನೋಡುವವನಿಗೆ ತಿಳಿಯುವಂತಿರಬೇಕೆಂದು ವಿಧಿಸಿದೆ. ತುಂಬಿದ ಭಾಗಕ್ಕೆ ಬೇರೆ ಬಣ್ಣವಿರಲಿ. ಅಳಿದುದು ಅಳಿದಂತೆಯೇ ಇರುವ ಮೂಲಪ್ರತಿಯೊಂದು ಯಾವಾಗಲೂ ಉಳಿದಿರಲಿ. ಸತ್ಯವನ್ನು ಅಂದಗೊಳಿಸಲು ಹೋಗಿ ಅಸತ್ಯವನ್ನು ಪ್ರತಿಷ್ಠಾಪಿಸಬಾರದು.

ಪ್ರತಿರೂಪವಿದೆಯೆಂದು ಮೂಲವನ್ನು ಉದಾಸೀನ ಮಾಡುವುದೂ ತಪ್ಪು. ಗಣಕದ ಕಡತವೂ ಕೆಡಬಲ್ಲುದು. ಅದನ್ನು ಹಲವೆಡೆ ಇಟ್ಟು ಕಾಲಕಾಲಕ್ಕೆ ನವೀಕರಿಸಬೇಕು. ಕಲ್ಲನ್ನಾದರೋ ಮತ್ತೆ ಮತ್ತೆ ಪರೀಕ್ಷಿಸಬಹುದು.

ಹಾಗಾದರೆ ಭಕ್ತರ ಕರ್ತವ್ಯವೇನು? ಮಠದ ಅಂಗಳದಲ್ಲಿ, ಗುಡಿಯ ಪೌಳಿಯಲ್ಲಿ, ಹೊಲದ ಬದುವಿನಲ್ಲಿ ಬರೆಹವುಳ್ಳ ಕಲ್ಲು ಕಂಡರೆ ಅದಕ್ಕೆ ಸುಣ್ಣಬಣ್ಣಗಳನ್ನು ಬಳಿಯಬಾರದು. ಸಿಮೆಂಟಿನಿಂದ ಮೆತ್ತಬಾರದು. ಆಮ್ಲದಿಂದಾಗಲಿ ರಭಸದ ಮರಳಿನಿಂದಾಗಲಿ ಉಜ್ಜಿಸಬಾರದು. ನೂರಾರು ವರ್ಷಗಳ ಮಳೆಗಾಳಿಗಳು ಮಾಡದ ಕೇಡು ಅದರಿಂದ ಒಂದೇ ದಿನದಲ್ಲಾಗುವುದು. ಜೀರ್ಣೋದ್ಧಾರವು ಪುಣ್ಯಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಿಂದಿನ ದಾನಿಯ ಹೆಸರನ್ನು ಅಳಿಸಿ ಇಂದಿನ ದಾನಿಯ ಹೆಸರನ್ನು ಕೆತ್ತಿಸುವುದು ಪುಣ್ಯವಾಗಲಾರದು. ಕೆಲಸವನ್ನಾರಂಭಿಸುವ ಮುನ್ನ ಕಲ್ಲಿನ ಚಿತ್ರವನ್ನು ತೆಗೆದು, ಅದಿರುವ ಸ್ಥಳವನ್ನು ಬರೆದಿಟ್ಟು, ಪುರಾತತ್ತ್ವ ಇಲಾಖೆಗಾಗಲಿ ಬಲ್ಲ ವಿದ್ವಾಂಸರಿಗಾಗಲಿ ತಿಳಿಸುವುದೇ ಯುಕ್ತವಾದ ಮಾರ್ಗ.

ಜಂಗಮವೇ ಶ್ರೇಷ್ಠವೆಂದರಿತ ಸಮಾಜವು ಸ್ಥಾವರವಾದ ಕಲ್ಲಿಗೇಕೆ ಇಷ್ಟು ಗೌರವ ಕೊಡಬೇಕೆಂದು ಯಾರಾದರೂ ಶಂಕಿಸಬಹುದು. ಇಲ್ಲಿ ಗೌರವವು ಕಲ್ಲಿಗಲ್ಲ, ಅದರಲ್ಲಿ ನಿಂತ ಮಾತಿಗೆ. ಮಾತನ್ನು ಉಳಿಸಿ ಮುಂದಿನವರಿಗೆ ಒಪ್ಪಿಸುವುದೇ ಜ್ಞಾನದಾಸೋಹವು. ಯಂತ್ರವಿದ್ಯೆಯು ಆ ದಾಸೋಹಕ್ಕೆ ದೊರೆತ ಹೊಸ ಉಪಕರಣ ಮಾತ್ರ. ಅದನ್ನು ನಡೆಯಿಸಬೇಕಾದ ಶ್ರದ್ಧೆಯು ಭಕ್ತಜನರದೇ ಆಗಿರತಕ್ಕದ್ದು.