ಲಕ್ವ ಹೊಡೆದಾಗ ಮೊದಲು ಗಡಿಯಾರ ನೋಡಿರಿ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ಡಾಕ್ಟರನಲ್ಲ. ಏಳನೆಯ ಇಯತ್ತೆ ಮುಗಿಸಿ ಕಪ್ಪು-ಬಸಿ ತೊಳೆಯಲು ಈ ಮುಂಬಯಿಗೆ ಬಂದವನು. ಆದರೂ ಇಂದು ಪಗಾರ, ಬೋನಸ್ಸಿನ ಮಾತನ್ನು ತುಸು ಬದಿಗಿಟ್ಟು ಮಿದುಳಿನ ಎರಡು ಬೇನೆಗಳ ವಿಷಯ ಹೇಳಲು ನಿಂತಿದ್ದೇನೆ. ಒಂದು ಲಕ್ವ, ಇನ್ನೊಂದು ಮಿದುಳು ಪೊರೆಯ ಕ್ಷಯ. ಈ ಎರಡರಲ್ಲಿಯೂ ರೋಗ ಮಾಡುವ ಕೇಡು ಒಂದಾದರೆ, ತಡಮಾಡಿದ್ದರಿಂದ ಆಗುವ ಕೇಡು ಇನ್ನೊಂದು.

ಮಿದುಳಿಗೆ ರಕ್ತ ಒಯ್ಯುವ ನಾಳಗಳುಂಟು. ನಮ್ಮ ಮೋರಿಯ ಪೈಪಿನಲ್ಲಿ ಜಿಡ್ಡು ಕಟ್ಟುವ ಹಾಗೆ ಆ ನಾಳದಲ್ಲಿ ಕೊಬ್ಬು ಕಟ್ಟಿ, ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ದಾರಿ ಮುಚ್ಚುತ್ತದೆ. ಹೆಚ್ಚಿನ ಲಕ್ವ ದಾರಿ ಮುಚ್ಚಿದ್ದರಿಂದಲೇ ಬರುವಂಥದು. ಇನ್ನು ಕೆಲವರಿಗೆ ಒತ್ತಡ ತಾಳಲಾರದೆ ನಾಳವೇ ಒಡೆದು ರಕ್ತ ಸೋರುತ್ತದೆ. ದೊಡ್ಡ ನಾಳ ಮುಚ್ಚಿದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು ತಜ್ಞರು ಲೆಕ್ಕ ಹಾಕಿದ್ದಾರೆ.

ಗುರುತು ಹಿಡಿಯಲು ದೊಡ್ಡ ವಿದ್ಯೆ ಬೇಡ. ನಗು ಎಂದರೆ ಬಾಯಿ ಒಂದು ಬದಿಗೆ ಸೊಟ್ಟಗಾಗುತ್ತದೆ. ಎರಡೂ ಕೈ ಎತ್ತು ಎಂದರೆ ಒಂದು ಕೈ ಕೆಳಗಿಳಿಯುತ್ತದೆ. ಹೆಸರು ಹೇಳು ಎಂದರೆ ಮಾತು ತೊದಲುತ್ತದೆ. ಇದರಲ್ಲಿ ಒಂದು ಕಂಡರೂ ಸಾಕು, ಅದು ಲಕ್ವವೆಂದೇ ತಿಳಿಯಬೇಕು.

ನಾನು ಕೆಲಸಕ್ಕಿದ್ದ ಒಂದು ಹೋಟೆಲಿನಲ್ಲಿ ಸಂಜೆಯ ಗಿರಾಕಿಯ ಹೊತ್ತಿಗೆ ದೋಸೆ ಹೊಯ್ಯುವವರ ಕೈಯಿಂದ ಸಟ್ಟುಗ ಬಿತ್ತು. ಮಾತು ತೊದಲಿತು. "ಗ್ಯಾಸು, ಸೋಡಾ ಕುಡಿದು ಮಲಗಲಿ" ಎಂದರು ಗಲ್ಲದಲ್ಲಿ ಕುಳಿತವರು. ಆಸ್ಪತ್ರೆ ಕಂಡದ್ದು ಮರುದಿನ ಬೆಳಿಗ್ಗೆ. ಜೀವ ಉಳಿಯಿತು, ಬಲಗೈ ಉಳಿಯಲಿಲ್ಲ. ದೋಸೆ ಹೊಯ್ಯುವವನಿಗೆ ಬಲಗೈ ಹೋದ ಮೇಲೆ ಊರಿನಲ್ಲಿರುವ ಸಂಸಾರದ ಗತಿಯೇನು?

ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ನಾಳ ಒಡೆದವನಿಗೆ ಕೊಟ್ಟರೆ ಅದೇ ವಿಷ. ಆದುದರಿಂದ ಮೊದಲು ತಲೆಯ ಸಿ.ಟಿ. ಸ್ಕ್ಯಾನ್ ಆಗಬೇಕು. ಕೆಲವರಿಗೆ ನಾಳದೊಳಗೆ ಸಣ್ಣ ನಳಿಗೆ ಹಾಯಿಸಿ ಹೆಪ್ಪನ್ನು ಎಳೆದು ತೆಗೆಯುವುದೂ ಉಂಟು. ಆದ್ದರಿಂದ 108ಕ್ಕೆ ಫೋನು ಮಾಡಿ, ಸ್ಕ್ಯಾನ್ ಇರುವ ಆಸ್ಪತ್ರೆಗೇ ಒಯ್ಯಿರಿ. ಅವನು ಚೆನ್ನಾಗಿದ್ದುದನ್ನು ಕೊನೆಗೆ ಎಷ್ಟು ಗಂಟೆಗೆ ನೋಡಿದಿರಿ ಎಂಬುದನ್ನು ಬರೆದಿಡಿರಿ. ಡಾಕ್ಟರರು ಮೊದಲು ಕೇಳುವುದೇ ಅದನ್ನು. ನೀರು, ಚಹಾ, ಗುಳಿಗೆ ಯಾವುದನ್ನೂ ಬಾಯಿಗೆ ಹಾಕಬೇಡಿರಿ. ನುಂಗಲಾಗದೆ ಅದು ಶ್ವಾಸಕ್ಕೆ ಹೋಗುತ್ತದೆ. ಹತ್ತು ನಿಮಿಷದಲ್ಲಿ ತಾನೇ ಸರಿಹೋದರೂ ಬಿಡಬೇಡಿರಿ. ದೊಡ್ಡ ಪೆಟ್ಟು ಹಿಂದೆಯೇ ಬರುವುದುಂಟು.

ಲಕ್ವಕ್ಕೆ ಮೂಲ ಹೆಚ್ಚಾಗಿ ಬಿ.ಪಿ. ಅದು ನೋವು ಕೊಡುವುದಿಲ್ಲ, ಸುದ್ದಿ ಹೇಳುವುದಿಲ್ಲ. ನೋಡಿಸಿದರೆ ಮಾತ್ರ ತಿಳಿಯುವಂಥದು. ಉಪ್ಪು ದಿನಕ್ಕೆ 5 ಗ್ರಾಂ, ಎಂದರೆ ಒಂದು ಚಹಾ ಚಮಚ, ದಾಟಬಾರದು. ಉಪ್ಪಿನಕಾಯಿ, ಹಪ್ಪಳವೂ ಈ ಲೆಕ್ಕದಲ್ಲಿಯೇ ಬಂತು. ಬೀಡಿ, ತಂಬಾಕು ಬಿಡಬೇಕು. ಡಾಕ್ಟರರು ಕೊಟ್ಟ ಗುಳಿಗೆಯನ್ನು ಗುಣವಾಯಿತೆಂದು ನಿಲ್ಲಿಸಬಾರದು.

ಇನ್ನು ಎರಡನೆಯದು. ಮಿದುಳನ್ನು ಸುತ್ತಿಕೊಂಡು ತೆಳು ಪೊರೆಗಳಿವೆ. ಎದೆಯಲ್ಲಿ ಕುಳಿತ ಕ್ಷಯದ ಕ್ರಿಮಿ ಕೆಲವರಲ್ಲಿ ರಕ್ತದ ದಾರಿಯಿಂದ ಅಲ್ಲಿಗೆ ಏರುತ್ತದೆ. ಗಾಳಿಯಿಲ್ಲದ ಒಂದೇ ಖೋಲಿಯಲ್ಲಿ ಹತ್ತು ಹನ್ನೆರಡು ಮಂದಿ ಮಲಗುವ ನಮ್ಮಲ್ಲಿ ಕ್ಷಯ ಹರಡಲು ಕಷ್ಟವೇನು? ವಾರಗಟ್ಟಲೆ ಸಣ್ಣ ಜ್ವರ, ತಲೆನೋವು, ವಾಂತಿ. ಬಳಿಕ ಮಂಪರು, ಗುರುತು ತಪ್ಪುವುದು, ಕತ್ತು ಬಿಗಿಯುವುದು. ಇದನ್ನು ಗಾಳಿ ಸೋಕಿತೆಂದು ಊರಿಗೆ ರೈಲು ಹತ್ತಿಸಬೇಡಿರಿ. ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸುತ್ತಾರೆ. ಅದರಿಂದ ಕಾಲು ಹೋಗುತ್ತದೆಂಬುದು ಬರಿಯ ಹೆದರಿಕೆ. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬರುವ ಮೊದಲು ಈ ರೋಗ ತಗಲಿದವರು ಬದುಕಿದ್ದು ತೀರ ಅಪರೂಪ. ಈಗ 9ರಿಂದ 12 ತಿಂಗಳ ಔಷಧವಿದೆ, ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಕ್ಷಯರೋಗಿಯ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿಯನ್ನು 2024ರ ನವೆಂಬರದಿಂದ 1,000 ಮಾಡಿದ್ದಾರೆ. ಹುಟ್ಟಿದ ಮಗುವಿಗೆ ಬಿ.ಸಿ.ಜಿ. ಚುಚ್ಚಿಸಿದರೆ ಈ ಪೊರೆಯ ಕ್ಷಯದಿಂದ ದೊಡ್ಡ ರಕ್ಷಣೆ. ಜ್ವರ ಒಮ್ಮೆಲೇ ಏರಿ ಕತ್ತು ಬಿಗಿದರೆ ಅದು ಬೇರೆ ಕ್ರಿಮಿಯ ಕೆಲಸವಿರಬಹುದು. ಆಗ ದಿನವಲ್ಲ, ತಾಸು ಎಣಿಸಬೇಕು.

ಇ.ಎಸ್.ಐ. ಇದ್ದವರಿಗೆ, ವಂತಿಗೆಯ ಲೆಕ್ಕ ಸರಿಯಿದ್ದರೆ, ಕಾಯಿಲೆಯ ರಜೆಯಲ್ಲಿ ವರ್ಷಕ್ಕೆ 91 ದಿನಗಳ ತನಕ ಪಗಾರದ ನೂರಕ್ಕೆ 70 ಪಾಲು ಸಿಗುತ್ತದೆ. ಕ್ಷಯ, ಅರ್ಧಾಂಗ ಲಕ್ವದಂಥ ದೀರ್ಘ ಬೇನೆಗೆ, ಎರಡು ವರ್ಷ ನೌಕರಿ ಆದವರಿಗೆ, ನೂರಕ್ಕೆ 80ರಂತೆ ಮುಂದೆಯೂ ಸಿಗುವ ವ್ಯವಸ್ಥೆಯಿದೆ. ಆದರೆ ರಿಜಿಸ್ಟರಿನಲ್ಲಿ ಹೆಸರೇ ಇಲ್ಲದವನಿಗೆ ಯಾವ ಪಾಲು? ಹೆಸರು ಬರೆಸಿರೆಂದು ಸಂಘವು ಮತ್ತೆ ಮತ್ತೆ ಹೇಳುವುದು ಇದಕ್ಕಾಗಿಯೇ.

ಮಾಲಕರ ಮುಂದೆ ನಾವು ಮೂರು ಬೇಡಿಕೆ ಇಡೋಣ. ಮಲಗುವ ಖೋಲಿಗೆ ಕಿಟಕಿ ಬೇಕು. ವರ್ಷಕ್ಕೊಮ್ಮೆ ಎಲ್ಲರ ಬಿ.ಪಿ. ನೋಡಿಸಬೇಕು. ಬಿದ್ದವನ ಜೊತೆಗೆ ಆಸ್ಪತ್ರೆಗೆ ಹೋದವನ ಆ ದಿನದ ಪಗಾರ ಕಡಿಯಬಾರದು. ಯಾರನ್ನೂ ಕೇಳದೆ ನಾವೇ ಮಾಡಬಹುದಾದ ಕೆಲಸವೂ ಒಂದಿದೆ. ನಾಳೆಯೇ ಅಡಿಗೆಮನೆಯ ಗೋಡೆಯ ಮೇಲೆ 108 ಎಂದು ದೊಡ್ಡದಾಗಿ ಬರೆಯಿರಿ. ಹತ್ತಿರದ ಸ್ಕ್ಯಾನ್ ಇರುವ ಆಸ್ಪತ್ರೆ ಯಾವುದೆಂದು ಇವತ್ತೇ ಕೇಳಿ ತಿಳಿದು, ಅದರ ಹೆಸರನ್ನೂ ಕೆಳಗೆ ಬರೆಯಿರಿ.