ಕೊಂಡು ತಂದ ಪ್ರಾಜೆಕ್ಟೂ ಕಟ್ಟಿ ತಂದ ಪ್ರಾಜೆಕ್ಟೂ

(ಇಲೆಕ್ಟ್ರಿಕಲ್, ಇಲೆಕ್ಟ್ರಾನಿಕ್ಸ್ ಮತ್ತು ಕಂಪ್ಯೂಟರ್ ವಿಭಾಗಗಳ ಅಂತಿಮ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟ್ ಪ್ರದರ್ಶನದ ಸಮಾರೋಪದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾವು ಇಂಜಿನಿಯರ್ ಅಲ್ಲ. ಕಲಾ ವಿಭಾಗದಲ್ಲಿ ಓದಿ ಲೇಖನಿ ಹಿಡಿದವರು. ಆದ್ದರಿಂದ ನಿಮ್ಮ ಸರ್ಕ್ಯೂಟುಗಳ ಗುಣದೋಷಗಳನ್ನು ಅಳೆಯುವ ಅರ್ಹತೆ ನಮಗಿಲ್ಲ. ಆದರೆ ಪ್ರಶ್ನೆ ಕೇಳುವುದು ಪತ್ರಕರ್ತನ ಕಸುಬು. ಇಂದು ಬೆಳಿಗ್ಗೆಯಿಂದ ನಾವು ಮಾಡಿದ್ದು ಅದನ್ನೇ.

ಒಂದು ಮೇಜಿನ ಮೇಲೆ ಬಹಳ ಅಂದವಾದ ಮಾದರಿಯೊಂದಿತ್ತು. ಅಡ್ಡ ಬಂದ ವಸ್ತುವನ್ನು ಕಂಡು ತಾನಾಗಿ ನಿಲ್ಲುವ ಪುಟ್ಟ ವಾಹನ. ಕೆಂಪು ದೀಪ ಹೊತ್ತಿತು, ಸದ್ದಾಯಿತು, ವಾಹನ ನಿಂತಿತು. 'ಈ ಸಂವೇದಕವನ್ನೇ ಏಕೆ ಆರಿಸಿಕೊಂಡಿರಿ?' ಎಂದು ಕೇಳಿದೆವು. ಹುಡುಗ ತಡವರಿಸಿದ. 'ಕಿಟ್‌ನಲ್ಲಿ ಅದೇ ಬಂದಿತ್ತು ಸರ್' ಎಂದ. ಅದರ ಪಕ್ಕದ ಮೇಜಿನಲ್ಲಿದ್ದ ಯಂತ್ರ ಕೆಲಸವನ್ನೇ ಮಾಡುತ್ತಿರಲಿಲ್ಲ. ಆದರೆ ಅಲ್ಲಿದ್ದ ಹುಡುಗಿ ಹೇಳಿದಳು: 'ಮೋಟರ್ ಚಾಲೂ ಆದ ಕ್ಷಣದಲ್ಲಿ ವೋಲ್ಟೇಜ್ ಕುಸಿಯುತ್ತದೆ ಸರ್, ಆಗ ಬೋರ್ಡ್ ರೀಸೆಟ್ ಆಗುತ್ತದೆ. ಎರಡಕ್ಕೂ ಒಂದೇ ಬ್ಯಾಟರಿ ಕೊಟ್ಟದ್ದು ನಮ್ಮ ತಪ್ಪು.' ನೋಡಲು ಬಂದವರೆಲ್ಲ ಮೊದಲನೆಯ ಮೇಜಿನ ಮುಂದೆ ನೆರೆದಿದ್ದರು, ಎರಡನೆಯದರ ಮುಂದೆ ಯಾರೂ ಇರಲಿಲ್ಲ. ಮಿತ್ರರೇ, ಇವರಿಬ್ಬರಲ್ಲಿ ಇಂಜಿನಿಯರ್ ಯಾರು? ಇಂದಿನ ನಮ್ಮ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಅಂತಿಮ ವರ್ಷದ ಪ್ರಾಜೆಕ್ಟ್ ಎಂಬುದನ್ನು ಪಠ್ಯಕ್ರಮದಲ್ಲಿ ಇಟ್ಟುದಕ್ಕೆ ಒಂದು ಉದ್ದೇಶವಿದೆ. ಮೂರು ವರ್ಷ ಸರ್ಕ್ಯೂಟ್, ಸಿಗ್ನಲ್, ಮೈಕ್ರೋಪ್ರೊಸೆಸರ್, ಪ್ರೋಗ್ರಾಮಿಂಗ್ ಎಂದು ಬಿಡಿಬಿಡಿಯಾಗಿ ಕಲಿತದ್ದನ್ನು ಕೊನೆಯಲ್ಲಿ ಒಂದೆಡೆ ಕಟ್ಟಬೇಕು. ಮೂರ್ನಾಲ್ಕು ಮಂದಿಯ ತಂಡ, ಒಬ್ಬ ಮಾರ್ಗದರ್ಶಕ, ಒಂದು ನೈಜ ಸಮಸ್ಯೆ. ಅದನ್ನು ಅರಿತು, ವಿನ್ಯಾಸ ಮಾಡಿ, ನಿರ್ಮಿಸಿ, ಪರೀಕ್ಷಿಸಿ, ವರದಿ ಬರೆದು, ಪರೀಕ್ಷಕರ ಮುಂದೆ ಸಮರ್ಥಿಸಿಕೊಳ್ಳಬೇಕು. ಅಮೆರಿಕದಲ್ಲಿ ಇದನ್ನು ಕ್ಯಾಪ್‌ಸ್ಟೋನ್ ಎನ್ನುತ್ತಾರೆ. ಗೋಡೆ ಕಟ್ಟಿ ಮುಗಿದ ಮೇಲೆ ನೆತ್ತಿಯ ಮೇಲಿಡುವ ಕಲ್ಲು ಎಂದರ್ಥ. ಆ ಕಲ್ಲು ಬಾಡಿಗೆಯದಾದರೆ ಗೋಡೆಯ ಗತಿಯೇನು?

ಇದು ಕಾಲೇಜಿನ ಒಳಗಿನ ವಿಷಯ ಮಾತ್ರವಲ್ಲ. ಇಂಜಿನಿಯರಿಂಗ್ ಪದವಿಗಳನ್ನು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದ 1989ರಲ್ಲಿ ಆಯಿತು. ಭಾರತ 2014ರಲ್ಲಿ ಅದರ ಪೂರ್ಣ ಸದಸ್ಯನಾಯಿತು. ನಮ್ಮ ರಾಷ್ಟ್ರೀಯ ಮಾನ್ಯತಾ ಮಂಡಳಿಯ ಮುದ್ರೆಯಿರುವ ಪದವೀಧರನು ಜಟಿಲ ಸಮಸ್ಯೆಗೆ ಪರಿಹಾರ ವಿನ್ಯಾಸಗೊಳಿಸಬಲ್ಲನು, ತಂಡದಲ್ಲಿ ದುಡಿಯಬಲ್ಲನು, ವೃತ್ತಿಯ ನೀತಿಯನ್ನು ಅರಿತಿರುವನು ಎಂದು ನಾವು ಜಗತ್ತಿಗೆ ಮಾತು ಕೊಟ್ಟಿದ್ದೇವೆ. ಆ ಮಾತಿಗೆ ಸಾಕ್ಷಿ ಹೇಳಬೇಕಾದದ್ದು ನಿಮ್ಮ ಪ್ರಾಜೆಕ್ಟ್.

ಆದರೆ ನಡೆಯುತ್ತಿರುವುದೇನು? ನಗರಗಳಲ್ಲಿ 'ಇಲ್ಲಿ ಪ್ರಾಜೆಕ್ಟ್ ದೊರೆಯುತ್ತದೆ' ಎಂಬ ಫಲಕಗಳು ಬಹಿರಂಗವಾಗಿಯೇ ತೂಗುತ್ತಿವೆ. ಹಣ ಕೊಟ್ಟರೆ ಯಂತ್ರ, ಪ್ರೋಗ್ರಾಮ್, ಹೊಲಿದ ವರದಿ ಎಲ್ಲವೂ ಸಿಗುತ್ತದೆ. ವೈವಾದಲ್ಲಿ ಏನು ಹೇಳಬೇಕೆಂಬ ತರಬೇತಿಯೂ ಸಿಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಕೊಳ್ಳುವುದು ಬೇರೆ, ಬುದ್ಧಿಯನ್ನೇ ಕೊಳ್ಳುವುದು ಬೇರೆ. ಈಗಂತೂ ಅಂಗಡಿಯ ತನಕ ಹೋಗಬೇಕಾಗಿಲ್ಲ. ಕೃತಕ ಬುದ್ಧಿಮತ್ತೆಯನ್ನು ಕೇಳಿದರೆ ವರದಿಯೂ ಪ್ರೋಗ್ರಾಮೂ ಕ್ಷಣದಲ್ಲಿ ಸಿದ್ಧ. ಉಪಕರಣವನ್ನು ಬಳಸುವುದು ತಪ್ಪಲ್ಲ. ಆದರೆ ಅದು ಕೊಟ್ಟ ಒಂದೊಂದು ಸಾಲನ್ನೂ ವಿವರಿಸಲಾರದವನು ಅದರ ಕೆಳಗೆ 'ಇದು ನಮ್ಮ ಸ್ವಂತ ಕೆಲಸ' ಎಂದು ಸಹಿ ಹಾಕುವುದು ಮಾತ್ರ ಸುಳ್ಳು ಸಾಕ್ಷಿಯೇ ಸರಿ.

ದೋಷವನ್ನೆಲ್ಲ ವಿದ್ಯಾರ್ಥಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಸಂಜೆಯಾಗುತ್ತಲೇ ಪ್ರಯೋಗಾಲಯಕ್ಕೆ ಬೀಗ ಬೀಳುತ್ತದೆ. ಕೆಲಸ ಮಾಡುವ ಆಸಿಲೋಸ್ಕೋಪ್ ಗಾಜಿನ ಕಪಾಟಿನೊಳಗಿರುತ್ತದೆ. ಒಬ್ಬ ಅಧ್ಯಾಪಕರ ಕೊರಳಿಗೆ ಹಲವು ತಂಡಗಳು ಬಿದ್ದಿರುತ್ತವೆ. ಕೊನೆಯ ವರ್ಷವನ್ನು ಇಂಟರ್ನ್‌ಶಿಪ್ಪೂ ಕ್ಯಾಂಪಸ್ ಸಂದರ್ಶನವೂ ನುಂಗಿಬಿಡುತ್ತವೆ. ಜಮೀನು ಅಡವಿಟ್ಟು ಶುಲ್ಕ ಕಟ್ಟಿದ ತಂದೆಗೆ ಮಗ ಒಂದು ವಿಷಯದಲ್ಲೂ ಅನುತ್ತೀರ್ಣನಾಗಕೂಡದು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲೇರಿದವನಿಗೆ ಕೇಳಲು ಅಣ್ಣನೂ ಇಲ್ಲ, ಮಾವನೂ ಇಲ್ಲ. ಅವನಿಗೆ ಅಂಗಡಿಯ ಫಲಕವೇ ಮಾರ್ಗದರ್ಶಕನಾಗಿ ಕಾಣುತ್ತದೆ. ಸೀಟು ಹೆಚ್ಚಿಸುವಾಗ ತೋರುವ ಉತ್ಸಾಹವನ್ನು ಪ್ರಯೋಗಾಲಯದ ಸಮಯ ಹೆಚ್ಚಿಸುವುದರಲ್ಲಿ ತೋರದ ಆಡಳಿತ ಮಂಡಳಿಗಳೂ ಸರಕಾರವೂ ಇದಕ್ಕೆ ಉತ್ತರ ಹೇಳಬೇಕು.

ಇನ್ನೊಂದು ಮಗ್ಗುಲನ್ನೂ ನೋಡೋಣ. 2005ರಲ್ಲಿ ದೆಹಲಿಯ ಐಐಟಿಯಲ್ಲಿ ಪ್ರೊಫೆಸರ್ ಎಂ. ಬಾಲಕೃಷ್ಣನ್ ಅವರ ಮಾರ್ಗದರ್ಶನದಲ್ಲಿ ಪದವಿ ವಿದ್ಯಾರ್ಥಿಗಳು ಒಂದು ಪ್ರಾಜೆಕ್ಟ್ ಕೈಗೆತ್ತಿಕೊಂಡರು. ಅಂಧರ ಬಿಳಿ ಕೋಲು ನೆಲದ ಮೇಲಿನ ಅಡಚಣೆಯನ್ನು ಮಾತ್ರ ತಿಳಿಸುತ್ತದೆ. ಮೊಣಕಾಲಿಗಿಂತ ಮೇಲಿರುವುದನ್ನು, ಅಂದರೆ ಚಾಚಿದ ಕೊಂಬೆ, ತೆರೆದ ಕಿಟಕಿ, ನಿಂತ ಲಾರಿಯ ಹಿಂಬದಿಯನ್ನು ತಿಳಿಸಲಾರದು. ಹಣೆಗೆ, ಎದೆಗೆ ಪೆಟ್ಟು ಬೀಳುವುದು ಅಲ್ಲಿಂದಲೇ. ಕೋಲಿನ ಹಿಡಿಯಿಂದ ಶ್ರವಣಾತೀತ ಶಬ್ದದ ಅಲೆ ಕಳುಹಿಸಿ ಅದರ ಮಾರ್ದನಿಯನ್ನು ಹಿಡಿಯುವುದು ಅವರ ಉಪಾಯ. ಲೆಕ್ಕ ಸರಳ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಮೂರು ಮೀಟರ್ ದೂರದ ವಸ್ತುವಿಗೆ ತಾಗಿ ಮರಳಲು ಅದಕ್ಕೆ ಒಂದು ಸೆಕೆಂಡಿನ ಐವತ್ತನೆಯ ಒಂದು ಭಾಗವೂ ಬೇಡ. ಎಚ್ಚರಿಕೆಯನ್ನು ಸದ್ದಿನ ಮೂಲಕ ಕೊಡದೆ ಹಿಡಿಯ ಕಂಪನದ ಮೂಲಕ ಕೊಟ್ಟರು. ಏಕೆಂದರೆ ರಸ್ತೆ ದಾಟುವ ಅಂಧನಿಗೆ ಕಿವಿಯೇ ಕಣ್ಣು, ಅದನ್ನು ಕಸಿಯಕೂಡದು.

ಇಂತಹ ತಿಳಿವಳಿಕೆ ಯಾವ ಕಿಟ್‌ನೊಳಗೂ ಬರುವುದಿಲ್ಲ, ಅಂಧರೊಡನೆ ಕುಳಿತು ಮಾತನಾಡಿದಾಗ ಮಾತ್ರ ಬರುತ್ತದೆ. ಆ ಕೋಲು 'ಸ್ಮಾರ್ಟ್‌ಕೇನ್' ಎಂಬ ಹೆಸರಿನಲ್ಲಿ ಸುಮಾರು ಮೂರು ಸಾವಿರ ರೂಪಾಯಿಗೆ ಜನರ ಕೈಸೇರಿದ್ದು 2014ರಲ್ಲಿ. ಪ್ರಾಜೆಕ್ಟಿಗೂ ಬಳಕೆಗೂ ನಡುವೆ ಒಂಬತ್ತು ವರ್ಷಗಳ ಪರೀಕ್ಷೆ, ತಿದ್ದುಪಡಿ, ತಾಳ್ಮೆ ಇತ್ತು ಎಂಬುದನ್ನು ಮರೆಯಬೇಡಿ.

'ಅದು ಐಐಟಿ, ನಮ್ಮಂತಹವರಿಗೆ ಸಾಧ್ಯವೇ?' ಎಂದು ನೀವು ಕೇಳಬಹುದು. 2010ರ ಜುಲೈ 12ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ15 ರಾಕೆಟ್ ಹೊತ್ತೊಯ್ದ ಉಪಗ್ರಹಗಳಲ್ಲಿ 'ಸ್ಟಡ್‌ಸ್ಯಾಟ್' ಕೂಡಾ ಒಂದು. ತೂಕ ಒಂದು ಕಿಲೋಗ್ರಾಂಗೂ ಕಡಿಮೆ. ಅದನ್ನು ಕಟ್ಟಿದವರು ಕರ್ನಾಟಕದ ಮತ್ತು ಅಂದಿನ ಅವಿಭಜಿತ ಆಂಧ್ರಪ್ರದೇಶದ ಏಳು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು. ನಿಮ್ಮಂತೆಯೇ ಸೆಮಿಸ್ಟರ್ ಪರೀಕ್ಷೆ ಬರೆಯುತ್ತಿದ್ದವರು! ಹಣದ ಅಡಚಣೆಗೂ ದಾರಿಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು 1970ರ ದಶಕದಿಂದಲೂ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ನೆರವು ಕೊಡುತ್ತಾ ಬಂದಿದೆ. ನಿಮ್ಮಲ್ಲಿ ಎಷ್ಟು ಮಂದಿ ಅರ್ಜಿ ಹಾಕಿದ್ದೀರಿ?

ಇನ್ನು, ಇಂದಿನ ಪ್ರದರ್ಶನದಲ್ಲಿ ಪಂಪ್‌ಸೆಟ್ಟನ್ನು ಮೊಬೈಲಿನಿಂದ ಚಾಲೂ ಮಾಡುವ ಯಂತ್ರಗಳನ್ನು ಕಂಡೆವು. ಒಳ್ಳೆಯ ವಿಷಯ. ರಾತ್ರಿ ಹೊತ್ತು ತ್ರೀಫೇಸ್ ಕರೆಂಟ್ ಬಂದಾಗ ಕತ್ತಲಲ್ಲಿ ತೋಟಕ್ಕೆ ಹೋಗಿ ಹಾವು ತುಳಿಯುವ ರೈತನ ಸಂಕಟ ಸಣ್ಣದಲ್ಲ. ಆದರೆ ಮೂರು ಫೇಸುಗಳಲ್ಲಿ ಒಂದು ಹೋದರೆ ಮೋಟರ್ ಸುಟ್ಟು ಹೋಗುತ್ತದೆ. ನಿಮ್ಮ ಯಂತ್ರ ಅದನ್ನು ಗಮನಿಸುತ್ತದೆಯೇ? ಕೊಳವೆಬಾವಿ ಬತ್ತಿದಾಗ ಪಂಪನ್ನು ನಿಲ್ಲಿಸುತ್ತದೆಯೇ? ಮೇಜಿನ ಮೇಲೆ ಪುಟ್ಟ ಮೋಟರ್ ತಿರುಗಿದರೆ ಪ್ರದರ್ಶನ ಮುಗಿಯಿತು, ರೈತನ ಸಮಸ್ಯೆ ಮುಗಿಯಲಿಲ್ಲ. ಒಬ್ಬ ರೈತನ ಪಂಪ್‌ಶೆಡ್ಡಿನಲ್ಲಿ ಒಂದು ರಾತ್ರಿ ಕಳೆದಿದ್ದರೆ ಈ ಪ್ರಶ್ನೆಗಳು ನಿಮಗೇ ಹೊಳೆಯುತ್ತಿದ್ದವು.

ಮುಖ ನೋಡಿ ಹಾಜರಿ ಹಾಕುವ ವ್ಯವಸ್ಥೆಯ ಮುಂದೆ '98 ಶೇಕಡಾ ನಿಖರತೆ' ಎಂದು ಬರೆದಿತ್ತು. ಯಾರ ಮುಖಗಳ ಮೇಲೆ ಪರೀಕ್ಷಿಸಿದಿರಿ ಎಂದರೆ, ತಂಡದ ನಾಲ್ವರ ಮುಖಗಳ ಮೇಲೆ! ಇದು ನಗುವ ಮಾತಲ್ಲ. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ನಿಮ್ಮಲ್ಲಿ ಅನೇಕರ ಪ್ರಾಜೆಕ್ಟಿನಲ್ಲಿದೆ. ಆಸ್ಪತ್ರೆಗಳಲ್ಲಿ ದಶಕಗಳಿಂದ ಬಳಕೆಯಲ್ಲಿದ್ದ ಆ ಉಪಕರಣ ಕಪ್ಪು ಚರ್ಮದ ರೋಗಿಗಳಲ್ಲಿ ಆಮ್ಲಜನಕದ ಅಪಾಯಕಾರಿ ಕೊರತೆಯನ್ನು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಬಾರಿ ಗುರುತಿಸದೆ ಬಿಡುತ್ತದೆ ಎಂದು 2020ರ ಕೊನೆಯಲ್ಲಿ ಅಮೆರಿಕದ ವೈದ್ಯರ ಅಧ್ಯಯನವೊಂದು ತೋರಿಸಿತು. ಅದು ಕೊರೋನಾದ ಕಾಲ. ಉಸಿರಿಗಾಗಿ ತಡಕಾಡುತ್ತಿದ್ದವನ ಬೆರಳಿನಲ್ಲಿದ್ದ ಯಂತ್ರ 'ಎಲ್ಲವೂ ಸರಿಯಿದೆ' ಎಂದರೆ ಅವನಿಗೆ ಹಾಸಿಗೆ ಯಾರು ಕೊಡುತ್ತಾರೆ? ಯಾರ ಮೇಲೆ ಪರೀಕ್ಷಿಸಿದಿರಿ ಎಂಬ ಪ್ರಶ್ನೆ ತಾಂತ್ರಿಕ ಪ್ರಶ್ನೆ ಮಾತ್ರವಲ್ಲ, ಅದು ನ್ಯಾಯದ ಪ್ರಶ್ನೆ. ಯಾರನ್ನು ಲೆಕ್ಕಕ್ಕೆ ಹಿಡಿಯಲಿಲ್ಲವೋ ಅವರ ಜೀವಕ್ಕೆ ಬೆಲೆ ಕಟ್ಟಲಿಲ್ಲವೆಂದೇ ಅರ್ಥ.

ಹೆತ್ತವರಿಗೂ ಒಂದು ಮಾತು ಹೇಳಬೇಕು. ಅನೇಕ ತಂಡಗಳಲ್ಲಿ ಹುಡುಗರು ಬೆಸುಗೆ ಹಾಕುತ್ತಾರೆ, ಹುಡುಗಿಯರು ವರದಿ ಟೈಪ್ ಮಾಡುತ್ತಾರೆ. ಏಕೆಂದರೆ ಸಂಜೆಯ ಬಳಿಕ ಹುಡುಗಿ ಪ್ರಯೋಗಾಲಯದಲ್ಲಿ ಇರುವಂತಿಲ್ಲ, ಹಾಸ್ಟೆಲಿನ ಗೇಟು ಮುಚ್ಚುತ್ತದೆ, ಮನೆಯಿಂದ ಕರೆ ಬರುತ್ತದೆ. ನಿಮ್ಮ ಆತಂಕ ನಮಗೆ ಅರ್ಥವಾಗುತ್ತದೆ. ಆದರೆ ಇಬ್ಬರ ಶುಲ್ಕವೂ ಒಂದೇ, ಪದವಿಯೂ ಒಂದೇ ಆಗಿರುವಾಗ ಕಲಿಕೆ ಮಾತ್ರ ಅರ್ಧವಾಗುವುದು ಯಾವ ನ್ಯಾಯ? ಗೇಟು ಮುಚ್ಚುವ ಬದಲು ಸುರಕ್ಷಿತ ವಾಹನವನ್ನು ಕೇಳಿ, ಪ್ರಯೋಗಾಲಯದಲ್ಲಿ ಅಧ್ಯಾಪಕಿಯೊಬ್ಬರ ಉಪಸ್ಥಿತಿಯನ್ನು ಕೇಳಿ. ಮಗಳನ್ನು ಮನೆಗೆ ಕರೆಯುವ ಮೊದಲು ಕಾಲೇಜಿಗೆ ಒಂದು ಪತ್ರ ಬರೆಯಿರಿ.

ಅಧ್ಯಾಪಕರಲ್ಲಿ ನಮ್ಮ ವಿನಂತಿ ಇಷ್ಟೆ: ಓಡುವ ಯಂತ್ರಕ್ಕೆ ಅಂಕ ಕೊಡುವ ಮೊದಲು ವಿದ್ಯಾರ್ಥಿಯ ದಿನಚರಿ ಪುಸ್ತಕವನ್ನು ನೋಡಿರಿ. ಯಾವ ದಿನ ಏನು ಪ್ರಯತ್ನಿಸಿದ, ಏನು ಕೆಟ್ಟಿತು, ಏಕೆ ಕೆಟ್ಟಿತು ಎಂಬುದು ಅದರಲ್ಲಿರಬೇಕು. ವೈಫಲ್ಯವನ್ನು ಪ್ರಾಮಾಣಿಕವಾಗಿ ಬರೆದವನ ಅಂಕ ಕಡಿತವಾದರೆ, ಮುಂದಿನ ವರ್ಷ ಎಲ್ಲರೂ ಅಂಗಡಿಗೆ ಹೋಗುತ್ತಾರೆ.

ವಿದ್ಯಾರ್ಥಿ ಮಿತ್ರರೇ, ನಾಳೆ ನಿಮ್ಮಲ್ಲೊಬ್ಬರು ಲಿಫ್ಟಿನ ನಿಯಂತ್ರಣ ಫಲಕಕ್ಕೆ ಸಹಿ ಹಾಕುವಿರಿ. ಇನ್ನೊಬ್ಬರು ಊರಿನ ಟ್ರಾನ್ಸ್‌ಫಾರ್ಮರಿಗೆ, ಮತ್ತೊಬ್ಬರು ತೀವ್ರ ನಿಗಾ ಘಟಕದ ಯಂತ್ರಕ್ಕೆ. ಆ ಸಹಿಯನ್ನು ನಂಬಿ ಯಾರದೋ ತಾಯಿ ಲಿಫ್ಟ್ ಹತ್ತುತ್ತಾಳೆ, ಯಾರದೋ ಮಗು ಆ ಕಂಬದ ಬಳಿ ಆಡುತ್ತದೆ. ಆ ಸಹಿಯ ಮೊದಲ ಅಭ್ಯಾಸ ನಡೆಯುವುದು ಈ ವರ್ಷ, ಪ್ರಾಜೆಕ್ಟ್ ವರದಿಯ ಮೊದಲ ಪುಟದ ಪ್ರಮಾಣಪತ್ರದಲ್ಲಿ. ಅಲ್ಲಿ ಸುಳ್ಳಿಗೆ ಸಹಿ ಹಾಕಿದ ಕೈ ಮುಂದೆ ನಡುಗುವುದನ್ನೇ ಮರೆಯುತ್ತದೆ.

ಮುಂದಿನ ವರ್ಷದ ತಂಡಗಳು ಈಗಲೇ ಸಮಸ್ಯೆಯನ್ನು ಹುಡುಕಲಿ. ಅದನ್ನು ಅನುಭವಿಸುತ್ತಿರುವ ಒಬ್ಬ ಮನುಷ್ಯನನ್ನಾದರೂ ಭೇಟಿಯಾಗಲಿ. ಈ ವರ್ಷ ಕೆಟ್ಟು ನಿಂತ ಯಂತ್ರಗಳನ್ನು ಗುಜರಿಗೆ ಹಾಕದೆ ದಿನಚರಿಯ ಸಮೇತ ಕಿರಿಯರಿಗೆ ಒಪ್ಪಿಸಿ. ಮತ್ತು ಆ ಹುಡುಗಿಗೆ ಯಾರಾದರೂ ಇನ್ನೊಂದು ಬ್ಯಾಟರಿ ತಂದುಕೊಡಿ. ನಾವು ಊರಿಗೆ ಹೊರಡುವ ಮೊದಲು ಅವಳ ಯಂತ್ರ ಓಡುವುದನ್ನು ನೋಡಬೇಕಾಗಿದೆ.