ಕ್ಷೌರದಂಗಡಿಯ ಕುರ್ಚಿ ಯಾರದು?

(ಗೌನಿಪಲ್ಲಿಯ ಸಭೆಯಲ್ಲಿ ಮಾಡಿದ ಭಾಷಣ)



ಕ್ಷೌರದಂಗಡಿಯ ಮೇಲೆ ಭಾಷಣವೇ ಎಂದು ಕೆಲವರು ನಗಬಹುದು. ನಗಲಿ. ಕೂಲಿಯವನಾಗಲಿ, ಮಂಡಿಯ ಸಾಹುಕಾರನಾಗಲಿ, ತಲೆ ಬಗ್ಗಿಸಿ ಕೂರುವ ಜಾಗ ಅದೊಂದೇ. ಭಾನುವಾರ ಬೆಳಿಗ್ಗೆ ನಾವು ಬೆಂಚಿನ ಮೇಲೆ ಸರದಿ ಕಾಯುತ್ತೇವೆ. ಒಬ್ಬರು ಪತ್ರಿಕೆ ಓದುತ್ತಾರೆ, ಇನ್ನೊಬ್ಬರು ಮಾವಿನ ಧಾರಣೆ ಹೇಳುತ್ತಾರೆ. ಅರ್ಧ ಮಾತು ಕನ್ನಡ, ಅರ್ಧ ತೆಲುಗು. ಕತ್ತಿ ಕೊರಳ ಮೇಲಿರುವಾಗ ಯಾರೂ ಜಗಳಕ್ಕೆ ನಿಲ್ಲುವುದಿಲ್ಲ.

ಆದರೆ ಆ ಬೆಂಚಿನ ಮೇಲೆ ಯಾರು ಇಲ್ಲ ಎಂಬುದನ್ನು ನೋಡಿದ್ದೇವೆಯೆ? ಮಂಗಳವಾರ ಕ್ಷೌರದಂಗಡಿಗೆ ರಜ. ನಮ್ಮ ನಾಡಿನ ಎಷ್ಟೋ ಹಳ್ಳಿಗಳಲ್ಲಿ ದಲಿತ ಕೇರಿಯವರಿಗೆ ಇಂದಿಗೂ ವಾರವೆಲ್ಲ ಮಂಗಳವಾರ.

ನಾವು ಮೇಷ್ಟರಾಗಿದ್ದಾಗ, ಕೂದಲು ಬೆಳೆಸಿಕೊಂಡು ಬಂದ ಹುಡುಗನೊಬ್ಬನನ್ನು ತರಗತಿಯ ಮುಂದೆ ನಿಲ್ಲಿಸಿ ಬೈದೆವು. ಅವನು ಬಾಯಿ ಬಿಡಲಿಲ್ಲ. ಮರುದಿನ ತಂದೆ ಬಂದು, "ಸ್ವಾಮಿ, ನಮ್ಮೂರಲ್ಲಿ ನಮಗೆ ಕ್ಷೌರ ಮಾಡೋದಿಲ್ಲ. ಪೇಟೆಗೆ ಹೋಗೋಕೆ ಬಸ್ ಚಾರ್ಜಿಗೆ ಇರಲಿಲ್ಲ" ಎಂದರು. ಆ ಬೈಗುಳ ಇಂದಿಗೂ ನಮ್ಮನ್ನೇ ಚುಚ್ಚುತ್ತದೆ.

ಕಾನೂನು ಇಲ್ಲವೆ? ಇದೆ. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ 'ಅಂಗಡಿ' ಎಂದರೇನು ಎಂಬ ಪ್ರಶ್ನೆ ಬಂತು. ಕೇಳಿ ಬಂದವರಿಗೆ ಸೇವೆ ಕೊಡುವ ಜಾಗವೆಲ್ಲ ಅಂಗಡಿಯೇ ಎಂದು ಡಾ. ಅಂಬೇಡ್ಕರ್ ವಿವರಿಸಿದರು. ಸಂವಿಧಾನದ 15ನೆಯ ವಿಧಿ ಅಂಗಡಿಯ ಬಾಗಿಲನ್ನು ಎಲ್ಲರಿಗೂ ತೆರೆಯಿತು. 17ನೆಯ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. 1955ರ ಕಾಯಿದೆಗೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂದು ಹೆಸರಾಯಿತು. ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ನಿರಾಕರಿಸಿದರೆ ಅದರಂತೆ 1ರಿಂದ 6 ತಿಂಗಳ ಸೆರೆವಾಸ, ಜೊತೆಗೆ ದಂಡ.

ಹಾಗಾದರೆ ತಪ್ಪೆಲ್ಲ ಕತ್ತಿ ಹಿಡಿದವನದೆ? ಯೋಚಿಸಿ. ಅವನ ಹಿರಿಯರು ಆಯಗಾರರು. ವರ್ಷವಿಡೀ ಮನೆಬಾಗಿಲಿಗೆ ಹೋಗಿ ಕ್ಷೌರ ಮಾಡಿ, ಸುಗ್ಗಿಯಲ್ಲಿ ಕಣದ ಅಂಚಿನಲ್ಲಿ ಕಾಳಿಗಾಗಿ ನಿಂತವರು. ಬೆಳಿಗ್ಗೆ ಅವರು ಎದುರು ಬಂದರೆ ಅಪಶಕುನವೆಂದೆವು. ಅವರ ಜಾತಿಯ ಹೆಸರನ್ನೇ ಬೈಗುಳ ಮಾಡಿದೆವು. ಇಂದು ಅವನು ಅಂಗಡಿ ಬಾಡಿಗೆ ಕಟ್ಟಬೇಕು, ಗಿರಾಕಿ ತಪ್ಪಿದರೆ ಒಲೆ ಹತ್ತುವುದಿಲ್ಲ. "ಅವರನ್ನು ಕೂರಿಸಿದರೆ ನಾವು ಬರುವುದಿಲ್ಲ" ಎಂದು ಅವನನ್ನು ಹೆದರಿಸುವವರು ಯಾರು? ಬೆಂಚಿನ ಮೇಲಿರುವ ನಾವೇ! ಒಬ್ಬ ಬಡವನ ಕೈಯಿಂದ ಇನ್ನೊಬ್ಬ ಬಡವನನ್ನು ಹೊರದೂಡಿಸಿ, ನಮ್ಮ ಕೈ ಶುದ್ಧವೆಂದು ತೋರಿಸುತ್ತೇವೆ.

ಆದುದರಿಂದ ಕೆಲಸ ನಮ್ಮಿಂದಲೇ ಶುರುವಾಗಲಿ. ಬಾಗಿಲಲ್ಲಿ ಹಿಂಜರಿದು ನಿಂತವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳೋಣ. "ಮೊದಲು ಅವರದಾಗಲಿ, ಆಮೇಲೆ ನಮ್ಮದು" ಎನ್ನೋಣ. ಎಲ್ಲರಿಗೂ ಕುರ್ಚಿ ಕೊಟ್ಟ ಕಾರಣಕ್ಕೆ ಯಾವನಾದರೂ ಕ್ಷೌರಿಕನಿಗೆ ಗಿರಾಕಿ ತಪ್ಪಿದರೆ, ಗಿರಣಿಯ ಸಂಗಾತಿಗಳೂ ಪೇಟೆಯ ವರ್ತಕರೂ ಆ ಅಂಗಡಿಗೇ ಹೋಗೋಣ. ಅವನ ಒಲೆ ಆರದಂತೆ ನೋಡಿಕೊಂಡರೆ, ಅವನಿಗೂ ಧೈರ್ಯ ಬಂದೀತು.

ಮುಂದಿನ ಭಾನುವಾರ ಕನ್ನಡಿಯ ಮುಂದೆ ಕೂತಾಗ, ನಮ್ಮ ಮುಖದ ಜೊತೆಗೆ ಹಿಂದಿನ ಬೆಂಚನ್ನೂ ಒಮ್ಮೆ ನೋಡೋಣ.